ಬಿಳಿ ಸೂರು

"ಏನಬೇ ಯಮನವ್ವ, ಕುರಿ ಹಿಂದ ಬಿಸಲಾಗ ಬೆಳದಾಕಿಗಿ ಈಗ ಥಂಡ ಗಾಳಿ ಬೇಕಾತೇನ?"

ಅಪ್ಪಾಸಾಬ ಹೀಗೆಂದು ತಾನೇ ನಕ್ಕ. ವಳಸಂಗದ ರಸ್ತೆ ಬದಿಯ ಅವನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ ತಯಾರಾಗುತ್ತಿದ್ದವು. ಗೋಡೆಯೂ ತಗಡು, ಮೇಲೂ ತಗಡು. ಏಪ್ರಿಲ್ ಬಿಸಿಲಿಗೆ ಒಳಗಿನ ಒಂಬತ್ತು ಜನ ಬೆಂದು ಹೋಗುತ್ತಿದ್ದರು. ಹೋದ ವಾರ ವೆಲ್ಡರ್ ಈಶ್ವರ ತಲೆ ತಿರುಗಿ ಬಿದ್ದು ಒಂದು ಟ್ರಾಲಿ ತಡವಾಗಿತ್ತು. ಆ ತಡಕ್ಕೇ ಮಾಲಕನಲ್ಲಿ ದಯೆ ಹುಟ್ಟಿದ್ದು. ಬಿಸಿ ತಡೆಯಲು ತಗಡಿನ ಕೆಳಗೆ ಹೊದಿಸಲು ಸಾಂಗ್ಲಿಯಿಂದ ಎರಡು ಮಾದರಿ ತರಿಸಿದ್ದ. ಒಂದು ಕಲ್ಲು ಕರಗಿಸಿ ಎಳೆ ತೆಗೆದ, ಬೆಂಕಿ ಹಿಡಿಯದ ರಾಕ್‌ವುಲ್ ಹಾಸು, ಇನ್ನೊಂದು ಬಿಳಿ ಥರ್ಮಾಕೋಲ್. ಅವನ ಕೈ ಆಗಲೇ ಅಗ್ಗದ್ದರ ಮೇಲಿತ್ತು.

"ಬಿಳೇದು ಬ್ಯಾಡ್ರಿ ಮಾಲಕ್ರ, ಕಿಡಿ ತಾಗಿದ್ರ ಭಗ್ಗ ಅಂತೈತಿ," ಎಂದಳು ಗ್ರೈಂಡರ್ ಹಿಡಿಯುವ ಯಮನವ್ವ. "ಕಲ್ಲಿಂದು ತುಟ್ಟಿ ಆದ್ರ ನಮ್ಮ ಕುರಿ ಉಣ್ಣೆ ಹಾಕ್ರಿ. ಯಾರೂ ತಗೋಳ್ದ ಬಿದ್ದೈತಿ."

"ನನ್ನ ಶೆಡ್ಡಿಗಿ ಕುರಿ ನಾತ ಹಚ್ಚತೀಯೇನ? ನಿಮ್ಮ ನಾತಾನ ಸಾಕಾಗೇತಿ. ನಡಿ ಬೋಸುಡಿ, ಕೆಲಸಾ ನೋಡು."

ಯಮನವ್ವನ ಮೈ ಉರಿಯಿತು. ಕಿಡಿ ತಾಗದಿರಲೆಂದು ಮಡಿಲಿಗೆ ಕಟ್ಟಿಕೊಂಡಿದ್ದ ಕಂಬಳಿ ತುಂಡನ್ನು ಬಿಚ್ಚಿ ನೆಲಕ್ಕೆ ಹಾಸಿದಳು. ಪಕ್ಕದಲ್ಲಿ ಥರ್ಮಾಕೋಲ್ ಇಟ್ಟಳು. ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ಶಿದ್ರಾಯ ಮೇಲೊಂದು ಕಬ್ಬಿಣದ ಪಟ್ಟಿ ಹಿಡಿದು ವೆಲ್ಡಿಂಗ್ ಶುರು ಮಾಡಿದ. ಕಿಡಿ ಬಿದ್ದ ಕಂಬಳಿ ಕೂದಲು ಸುಟ್ಟ ವಾಸನೆ ಹೊಡೆದು, ಕಪ್ಪಾಗಿ, ಆರಿಹೋಯಿತು. ಥರ್ಮಾಕೋಲ್ ಕುಗ್ಗಿ, ಕರಗಿ, ಕರಿ ಹೊಗೆ ಉಗುಳುತ್ತಾ ಹೊತ್ತಿಕೊಂಡಿತು.

ಅಪ್ಪಾಸಾಬ ಅದನ್ನು ಬೂಟಿನಿಂದ ತುಳಿದ. "ಕಿಡಿ ಕೆಳಗ ಬೀಳತಾವ, ಮ್ಯಾಲ ಏರತಾವೇನ? ಸಾಲಿ ಮೆಟ್ಲ ಹತ್ತದಾಕಿ ನನಗ ಕಲಸಾಕ ಬಂದಾಳ."

"ಟ್ರಾಲಿ ಮ್ಯಾಲ ನಿಂತು ವೆಲ್ಡಿಂಗ್ ಮಾಡತಾರ್ರಿ. ತಲಿ ಸೂರಿಗಿ ಬಡೀತೈತಿ."

ಅವನು ಆಗಲೇ ಸಾಂಗ್ಲಿಗೆ ಫೋನ್ ಹಚ್ಚಿ ಬಿಳಿಯದನ್ನೇ ಕಳಿಸಲು ಹೇಳುತ್ತಿದ್ದ.

ಮೂರನೆಯ ದಿನಕ್ಕೆ ಸೂರೆಲ್ಲ ಬೆಳ್ಳಗಾಯಿತು. ಶೆಡ್ಡು ತಂಪಾದದ್ದೂ ನಿಜ. ಅದೇ ಕುತ್ತಿಗೆಗೆ ಬಂತು.

"ಈಗ ಥಂಡ ಆಗೇತಲ್ಲ, ಹೊರಗ ಬೇವಿನ ಗಿಡದ ನೆಳ್ಳಿಗಿ ಯಾಕ ಓಡತೀರಿ?" ಎಂದು ಅಪ್ಪಾಸಾಬ ಊಟದ ಹೊತ್ತಿನವರೆಗೆ ಶಟರ್ ಇಳಿಸಿ ಹೊರಗಿನಿಂದ ಕೀಲಿ ಹಾಕತೊಡಗಿದ. ಶೆಡ್ಡಿಗೆ ಬೇರೆ ಬಾಗಿಲಿರಲಿಲ್ಲ.

ಮರುದಿನ ಹನ್ನೊಂದಕ್ಕೆ, ಟ್ರಾಲಿ ಮೇಲೆ ನಿಂತಿದ್ದ ಈಶ್ವರ "ಅಯ್ಯಯ್ಯ" ಎನ್ನುತ್ತಾ ಕಿಡಿ ತಾಗಿ ಹೊತ್ತಿದ ಸೂರಿಗೆ ಅಂಗೈ ಬಡಿದು ಆರಿಸಿದ. ಕೈ ತೆಗೆದಾಗ ಅಲ್ಲೊಂದು ತೂತು, ಸುತ್ತ ಕಪ್ಪು. ಅಂಗೈಗೆ ಕರಗಿದ್ದು ಅಂಟಿಕೊಂಡಿತ್ತು. ಒಂಬತ್ತು ಜನರೂ ತೂತು ನೋಡಿದರು, ಆಮೇಲೆ ಶಟರ್ ನೋಡಿದರು.

ಯಮನವ್ವ ಗ್ರೈಂಡರಿಗೆ ಕತ್ತರಿಸುವ ಚಕ್ರ ಹಾಕಿ ಹಿಂದಿನ ಗೋಡೆಯ ಬುಡಕ್ಕೆ ಕುಳಿತಳು.

"ಏ, ಕೆಲಸದಿಂದ ತಗೀತಾನ," ಎಂದ ಶಿದ್ರಾಯ.

"ತಗೀಲಿ. ಹೊರಗ ಹೋಗಾಕ ಬಾಗಿಲಾ ಇರಬೇಕಲ್ಲ."

ಶಿದ್ರಾಯ ಒಂದು ಚೀಲ ನೀರಲ್ಲಿ ಅದ್ದಿ ಕಿಡಿಗೆ ಅಡ್ಡ ಹಿಡಿದ. ತಗಡು ಕಿರುಚುತ್ತಾ ಸೀಳತೊಡಗಿತು. ಒಂದು ಬದಿ, ಎರಡು, ಮೂರು.

"ಯಾವ ಭಾಡ್ಯಾಲೇ ನನ್ನ ಗೋಡಿ ಕೊರೆಯೋದು?" ಹೊರಗಿನಿಂದ ಅಪ್ಪಾಸಾಬನ ಕೂಗು ಬಂತು. ಹಿಂದೆಯೇ ಅವನು ಹೊರಗೋಡೆಯ ಮೀಟರಿನ ಸ್ವಿಚ್ ಕೆಳಗೆ ಮಾಡಿದ. ಗ್ರೈಂಡರ್ ಸತ್ತಿತು. ಒಳಗೆ ಕತ್ತಲಾಯಿತು.

ಯಮನವ್ವ ಗ್ರೈಂಡರ್ ಕೆಳಗಿಟ್ಟು, ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲೆತ್ತಿ ತಗಡಿಗೆ ಒದ್ದಳು. ಅವಳ ಪಕ್ಕದಲ್ಲಿ ಇನ್ನೊಂದು ಕಾಲು ಬಂತು. ಆಮೇಲೆ ಮತ್ತೊಂದು.