ಹತ್ತು ದಿನದ ನಕ್ಷೆ

ಸೆಲೆಸ್ಟೀನ್ ಮೀನು ಸೀಳಿ ಸೀಳಿ ಸರಕಾರದ ನಕ್ಷೆಯ ಮೇಲೆ ಹರವುತ್ತಿದ್ದಳು. ಒಳ್ಳೆಯ ದಪ್ಪ ಕಾಗದ. ಹೋದ ವರ್ಷ ಬಂದಾಗಿನಿಂದ ಅದರ ಬೇರೆ ಉಪಯೋಗ ಅವಳಿಗೆ ಕಂಡಿರಲಿಲ್ಲ.

ಅಳತೆಯ ಸಾಹೇಬ ಬೆಟ್ಟಕ್ಕೆ ತನ್ನ ಅತ್ತೆಯ ಹೆಸರನ್ನೂ ಸರೋವರಕ್ಕೆ ತನ್ನ ನಾಯಿಯ ಹೆಸರನ್ನೂ ಇಟ್ಟು ಉಪಕಾರ ಮಾಡಿದ್ದ. ನಾಯಿ ಒಳ್ಳೆಯದಿತ್ತು, ಯಾರೂ ತಕರಾರು ಮಾಡಲಿಲ್ಲ. ಹೊಳೆಯ ಕಥೆ ಮಾತ್ರ ಬೇರೆ. ವರ್ಷವಿಡೀ ಅದು ಸರೋವರದಿಂದ ಹೊರಟು, ಊರ ಮುಂದೆ ಹಾದು, ಬಂಡೆಗಳ ಇಳಿಜಾರಿಗೆ ನುಗ್ಗುತ್ತದೆ. ಹಿಮ ಒಡೆಯುವ ಹತ್ತು ದಿನ ಮಾತ್ರ ಕೆಳಗಿನ ದೊಡ್ಡ ನದಿ ಉಕ್ಕಿ, ಬಂಡೆಗಳನ್ನು ಮುಳುಗಿಸಿ, ಹೊಳೆಯನ್ನು ಹಿಂದಕ್ಕೆ ದಬ್ಬುತ್ತದೆ. ಸಾಹೇಬ ಬಂದದ್ದು ಆ ಹತ್ತು ದಿನದಲ್ಲೇ.

"ಹೊಳೆ ಹೀಗೇ ಹರಿಯುತ್ತಾ?" ಅಂತ ಸೆಲೆಸ್ಟೀನಳ ಗಂಡ ಇಸಿದೋರ್‌ನನ್ನು ಕೇಳಿದ್ದ.

"ಹೂಂ, ಈವತ್ತು ಹೀಗೇ."

ಸಾಹೇಬ 'ಹೂಂ' ಅಷ್ಟನ್ನೇ ಬರೆದುಕೊಂಡು, ನಕ್ಷೆಯಲ್ಲಿ ಹೊಳೆಯನ್ನು ಸರೋವರದ ಕಡೆಗೆ ಹರಿಸಿಬಿಟ್ಟ. ನಾಳೆಯ ವಿಚಾರ ಕೇಳಲಿಲ್ಲ, ಇಸಿದೋರ್ ಹೇಳಲಿಲ್ಲ. ಕೇಳದೆ ಬುದ್ಧಿ ಹೇಳುವುದೆಂದರೆ ಅವರ ಜನಕ್ಕೆ ಇನ್ನೊಬ್ಬರ ಎಲೆಗೆ ಕೈ ಹಾಕಿದ ಹಾಗೆ. ತಪ್ಪು ತಿದ್ದಿ ಚಳಿಗಾಲದಲ್ಲೇ ಸೆಲೆಸ್ಟೀನ್ ಬರೆದ ಪತ್ರವೂ ಆ ಮರ್ಯಾದೆಗೆ ಸಿಕ್ಕಿ ಚಹಾ ಡಬ್ಬಿಯಲ್ಲಿ ಕೂತಿತ್ತು.

ಅಂಚೆ ತರುವ ಬೊನಿಫಾಸ್ ದೋಣಿ ಕಟ್ಟಿ ಬಂದ. "ಅಕ್ಕಾ, ಫಿಲೋಮಿನ್‌ಗೆ ವಾಸಿಯಾಗಿದೆ! ಇನ್ನೆರಡು ವಾರಕ್ಕೆ ಸರೋವರದಾಚೆ ಕೋಟೆಯಿಂದ ಸಾಮಾನಿನ ದೋಣೀಲಿ ಬರ್ತಾಳೆ."

ಕ್ಷಯದ ಆಸ್ಪತ್ರೆಯಲ್ಲಿ ಹದಿನೆಂಟು ತಿಂಗಳು ಕಳೆದ ಮಗಳು. ಸೆಲೆಸ್ಟೀನಳ ಕೈಯ ಚೂರಿ ನಿಂತಿತು.

"ಕಪ್ತಾನ ಯಾರು?"

"ಹೊಸಬ. ನೀರು ನೋಡಲ್ಲ, ನಕ್ಷೆ ನೋಡ್ತಾನೆ. ಊರು ಬಂತು ಅಂತ ಎಂಜಿನ್ ನಿಲ್ಲಿಸಿದ್ರೆ ದೋಣಿ ಸರೋವರದ ಕಡೆ ಸರಿಯುತ್ತೆ ಅಂದ್ಕೊಂಡಿದಾನೆ."

"ಸೀದಾ ಬಂಡೆಗೆ ಹೋಗುತ್ತೆ! ನೀನು ಹೇಳ್ಬಾರದಾ?"

"ಹೇಳ್ದೆ. ನಕ್ಕ. ಅಂಥವ್ರಿಗೆ ಕಾಗದಕ್ಕೆ ಕಾಗದಾನೇ ಬೇಕು ಅಕ್ಕಾ."

ಸೆಲೆಸ್ಟೀನ್ ಗಂಡನ ಮುಖ ನೋಡಿದಳು. ಅವನು ಬಲೆಯ ಗಂಟಿನ ಮೇಲೆ ಬಗ್ಗಿದ.

"ಅವರು ಕೇಳಿಲ್ವಲ್ಲೇ..."

"ಮಗಳು ಮುಳುಗ್ತಾ ಕೇಳ್ತಾಳೆ, ಆಗ ಹೇಳು!" ಎಂದು ಅವಳು ಸಿಟ್ಟಿನಿಂದ ಮೀನುಗಳನ್ನು ಬಾಚಿ ಬದಿಗೆ ಎಸೆದಳು. ನಕ್ಷೆಯ ಮೂಲೆ ಬಯಲಾಯಿತು. ಅಂಟಿದ ಮೀನಿನ ಪೊರೆಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಒರೆಸಿ, ಬೆರಳಿಟ್ಟು ಓದಿದಳು: "ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿಳಿಸಬೇಕಾಗಿ ವಿನಂತಿ."

"ಕೇಳಿದಾರೆ ಕಣೋ ಮುದುಕಾ! ದಯವಿಟ್ಟು ಅಂತ ಬೇರೆ!"

ಇಸಿದೋರ್ ಬಲೆ ಬಿಸಾಡಿ ಎದ್ದವನೇ ಚಹಾ ಡಬ್ಬಿ ತಂದ. "ಇದನ್ನ ಮೊದಲೇ ಓದಿ ಹೇಳ್ಬಾರದಿತ್ತಾ?"

"ನೀನು ಕೇಳಿದ್ಯಾ?"

ಅವಳು ಲಕೋಟೆಯ ಮೇಲೆ 'ಮೊದಲು ಕಪ್ತಾನರು ಓದಬೇಕು' ಎಂದು ದಪ್ಪಗೆ ಬರೆದು, ಮೀನು ನಾರುವ ನಕ್ಷೆಯನ್ನೂ ಜೊತೆಗೆ ಸುತ್ತಿದಳು. ಬೊನಿಫಾಸ್ ಚಹಾ ಕೂಡ ಕುಡಿಯಲಿಲ್ಲ. ಪತ್ರವನ್ನು ಅಂಗಿಯೊಳಗೆ ತುರುಕಿಕೊಂಡು, ಹೊಳೆಗೆ ಎದುರಾಗಿ, ಕೋಟೆಯ ಕಡೆ ಹುಟ್ಟು ಹಾಕಿದ.