ಬದಲಾದ ಒಂದು ಅಕ್ಷರ

ತಮ್ಮನ ಜ್ವರ ತಾನಾಗಿಯೇ ಇಳಿಯಿತು. ಅಕ್ಕನ ಕಷ್ಟ ಶುರುವಾದದ್ದು ಆಮೇಲೆ.

ಅವನು ಲಿಫ್ಟ್ ರಿಪೇರಿ ಮಾಡುವವನು. ಬಾಯಿ ತೆರೆದರೆ ಮುಚ್ಚುವವನಲ್ಲ, ಹಾಗಾಗಿ ಮನೆಯವರಿಗೆಲ್ಲ ಅವನು ಪಟಾಕಿ. ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಒಮ್ಮೆ ಯಾರದೋ ಸಂಗದಲ್ಲಿ ಕಾಲು ಜಾರಿದ್ದ. ಬಂದ ಕೆಲವು ವಾರಕ್ಕೆ ಜ್ವರ, ಗಂಟಲುನೋವು, ಎದೆಯ ಮೇಲೆ ಕೆಂಪು ಗುಳ್ಳೆ. ಅಕ್ಕ ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅನುಮಾನ ಬಂದು ಪರೀಕ್ಷೆ ಮಾಡಿಸಿದಳು. ಎಚ್‌ಐವಿ. ಸೋಂಕು ಹೊಸದು, ರಕ್ತದ ತುಂಬ ವೈರಸ್ ಕಿಕ್ಕಿರಿದಿತ್ತು. ಡಾಕ್ಟರು ಅವತ್ತೇ ಮಾತ್ರೆ ಕೊಟ್ಟರು.

ತಮ್ಮ ಅವನ್ನು ಜೇಬಿಗೆ ಹಾಕಿಕೊಂಡ, ನುಂಗಲಿಲ್ಲ. ಅವನ ಮನೆಯೆಂದರೆ ಒಂದು ಕೋಣೆ, ಒಂದು ಕಪಾಟು. ಹೆಂಡತಿಯ ಕಣ್ಣು ತಪ್ಪಿಸಿ ಗುಂಡುಸೂಜಿ ಇಡಲೂ ಜಾಗವಿಲ್ಲ.

"ಅವಳಿಗೆ ಹೇಳ್ಬಿಡೋ," ಎಂದಳು ಅಕ್ಕ.

"ಹೇಳ್ತೀನಿ ಅಕ್ಕ, ಸ್ವಲ್ಪ ಟೈಮ್ ಕೊಡು. ನೀನೇನಾದ್ರೂ ಬಾಯಿ ಬಿಟ್ರೆ ನನ್ನ ಹೆಣ ನೋಡ್ತೀಯ."

"ಅಲ್ಲೀವರೆಗೂ ಅವಳಿಂದ ದೂರ ಇರು."

"ನಿನ್ನಾಣೆ."

ಎರಡನೇ ಪರೀಕ್ಷೆಯಲ್ಲಿ ವೈರಸ್ ಎಷ್ಟೋ ಪಾಲು ಇಳಿದಿತ್ತು. ಪಟಾಕಿ ಕುಣಿದಾಡಿದ. "ಮಾತ್ರೆ ಗೀತ್ರೆ ಯಾಕೆ? ಕತ್ತು ಹಿಡಿದು ಆಚೆ ದಬ್ಬಿದೀನಿ ನೋಡು!"

ಅವನು ಒಪ್ಪಿದ್ದರಿಂದ ಅವನ ರಕ್ತ ಅಕ್ಕನ ಪ್ರಯೋಗಾಲಯದ ಅಧ್ಯಯನಕ್ಕೂ ಹೋಗುತ್ತಿತ್ತು. ಅವಳು ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಮೊದಲ ರಕ್ತದಲ್ಲಿದ್ದ ವೈರಸ್‌ಗಳೆಲ್ಲ ಒಂದೇ ಅಚ್ಚಿನವು, ಒಂದೇ ತಾಯಿಯ ಸಂತಾನ. ಎರಡನೆಯದರಲ್ಲಿ ಹೆಚ್ಚಿನವುಗಳ ವಂಶವಾಹಿಯ ಬರಹದಲ್ಲಿ ಒಂದು ಅಕ್ಷರ ಬದಲಾಗಿತ್ತು.

"ನಿನ್ನ ಮೈ ಇದನ್ನ ಗುರುತು ಹಿಡಿದು ಕೊಲ್ತಿದ್ದದ್ದು ಈ ಜಾಗ ನೋಡ್ಕೊಂಡು. ಗುರುತು ಸಿಕ್ಕಿದ್ದೆಲ್ಲ ಸತ್ತುಹೋಯ್ತು. ನಕಲಾಗೋವಾಗ ತಪ್ಪಾಗಿ ಗುರುತು ಅಳಿಸಿಹೋದದ್ದು ಉಳ್ಕೊಂಡಿದೆ. ಇನ್ಮೇಲೆ ಅದರದೇ ಸಂತಾನ."

"ಅದಕ್ಕೆ ಅಷ್ಟೊಂದು ಬುದ್ಧಿನಾ?"

"ಬುದ್ಧಿ ಎಲ್ಲಿಂದ ಬರ್ಬೇಕು? ಅದು ಬರೀ ತಪ್ಪು ಮಾಡುತ್ತೆ. ಉಳಿಯೋದನ್ನ ಆರಿಸ್ತಿರೋದು ನಿನ್ನ ಮೈಯೇ. ನಿನ್ನ ಮೈ ಇನ್ನೊಂದು ಗುರುತು ಹಿಡಿಯುತ್ತೆ, ಅದು ಅದನ್ನೂ ತಪ್ಪಿಸ್ಕೊಳುತ್ತೆ. ಮಾತ್ರೆ ತಗೊಂಡ್ರೆ ನಕಲಾಗೋದೇ ನಿಲ್ಲುತ್ತೆ ಕಣೋ. ನಿನ್ನ ಕಾಲು ಹಿಡ್ಕೋತೀನಿ."

ಅವಳು ನಿಜವಾಗಿಯೂ ಬಗ್ಗಿದಳು. ಅವನು ಗಾಬರಿಯಿಂದ ಕುರ್ಚಿ ಹಿಂದೆ ತಳ್ಳಿದ. "ಏಯ್, ದೊಡ್ಡೋಳು ನೀನು! ನಾಳೆ ಹೇಳ್ತೀನಿ, ನಾಳೆ."

ನಾಳೆ ಎನ್ನುತ್ತಲೇ ವಾರಗಳು ಉರುಳಿದವು. ತಡೆಯಲಾರದೆ ಒಂದು ಸಂಜೆ ಅವಳೇ ಹೇಳಿಬಿಡಲೆಂದು ಅವರ ಮನೆಗೆ ಹೋದಳು. ತಮ್ಮನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲು ತೆಗೆದು, "ಬನ್ನಿ ಅಕ್ಕ, ಎಷ್ಟು ದಿನ ಆಯ್ತು!" ಎಂದಳು. ಅವಳ ಬೆನ್ನ ಹಿಂದೆ ಪಟಾಕಿ ಎರಡೂ ಕೈ ಜೋಡಿಸಿ ನಿಂತಿದ್ದ. ಅಕ್ಕ ಒಂದು ಲೋಟ ನೀರು ಕುಡಿದು ವಾಪಸು ಬಂದಳು.

ಆಮೇಲೆ ಆ ಹುಡುಗಿಗೆ ಜ್ವರ ಬಂತು.

ಅವಳ ಫಲಿತಾಂಶ ಕೈಗೆ ಬಂದ ದಿನ ಪಟಾಕಿ ನೆಲಕ್ಕೆ ಕುಸಿದು ಎಲ್ಲವನ್ನೂ ಹೇಳಿಕೊಂಡ. ಅವಳು ಕಿರುಚಲಿಲ್ಲ. ಡಾಕ್ಟರ ಎದುರಿಗೇ ಇಬ್ಬರೂ ಮಾತ್ರೆ ನುಂಗಿದರು. ಅಧ್ಯಯನಕ್ಕೆ ಅವಳೂ ರಕ್ತ ಕೊಟ್ಟಳು. ಕೆಲವು ದಿನದ ಮೇಲೆ ಒಬ್ಬಳೇ ಪ್ರಯೋಗಾಲಯಕ್ಕೆ ಬಂದಳು.

"ಅಕ್ಕ, ಒಂದೇ ಒಂದು ಹೇಳಿ. ಇದು ನನಗೆ ಬಂದದ್ದು ಅವರಿಗೆ ಗೊತ್ತಾಗೋಕೆ ಮುಂಚೆನಾ, ಆಮೇಲಾ? ಅವರು ಮುಂಚೆ ಅಂತಾರೆ."

ಅಕ್ಕ ಬೆಳಿಗ್ಗೆಯೇ ನೋಡಿದ್ದಳು. ಇವಳ ರಕ್ತದ ಪ್ರತಿಯೊಂದು ವೈರಸ್‌ನಲ್ಲೂ ಆ ಬದಲಾದ ಅಕ್ಷರವೇ ಇತ್ತು; ತಮ್ಮನಿಗೆ ಸೋಂಕು ಗೊತ್ತಾದಾಗ ತೆಗೆದ ಮೊದಲ ರಕ್ತದಲ್ಲಿ ಅದು ಒಂದರಲ್ಲೂ ಇರಲಿಲ್ಲ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಆಮೇಲೆ," ಎಂದಳು.

"ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಅವರೇನೋ ಹೆದರಿದ್ರು. ನೀವು ಯಾಕಕ್ಕ ಹೆದರಿದ್ರಿ?"

ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಅವತ್ತೇ ತವರಿಗೆ ಹೋದಳು.

ಮಾತ್ರೆ ತನ್ನ ಕೆಲಸ ಮಾಡಿತು. ತಿಂಗಳುಗಳು ಕಳೆದಾಗ ಇಬ್ಬರ ರಕ್ತದಲ್ಲೂ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದಿತ್ತು. ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಎಂದರು ಡಾಕ್ಟರು. ಪಟಾಕಿ ಈಗ ಅಕ್ಕನ ಮನೆಯಲ್ಲೇ ಇದ್ದಾನೆ, ಕೇಳಿದ್ದಕ್ಕೆ ಮಾತ್ರ ಹೂಂ ಎನ್ನುತ್ತಾನೆ. ಅಕ್ಕ ರಜೆ ಸಿಕ್ಕಾಗಲೆಲ್ಲ ಆ ಹುಡುಗಿಯ ತವರಿಗೆ ಹೋಗುತ್ತಾಳೆ. ತಾಯಿ ಅರ್ಧ ಬಾಗಿಲು ತೆಗೆದು, "ಮಲಗಿದಾಳೆ," ಎನ್ನುತ್ತಾಳೆ. ಒಳಗೆ ಅವಳು ಪಾತ್ರೆ ಜೋಡಿಸುವ ಸದ್ದು ಕೇಳುತ್ತಿರುತ್ತದೆ.