ತೂಗದ ಉಪ್ಪು

ಹಿಡಿಯಲ್ಲಿದ್ದ ಉಪ್ಪನ್ನು ತಕ್ಕಡಿಗೆ ಸುರಿದು, ನೋಡಿ, ಮತ್ತೆ ಡಬ್ಬಿಗೆ ಹಾಕುತ್ತಿದ್ದಾಗ ಫೋನ್ ಬಂತು. ಆಸ್ಪತ್ರೆಯದು. ಮೇಷ್ಟ್ರು ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯ ಬೆರಳುಗಳನ್ನು ಉಪ್ಪಿನಲ್ಲೇ ಇಟ್ಟುಕೊಂಡು ಕೇಳಿದರು. ಬೇಗ ಬನ್ನಿ ಎಂದಳು ನರ್ಸು. ಆಮೇಲೆ, ಬೇಗ ಬಂದು ಆಗಬೇಕಾದ್ದೇನೂ ಇಲ್ಲ, ನಿಧಾನವಾಗಿಯೇ ಬನ್ನಿ ಎಂದಳು. ಹೆಂಡತಿ ತೀರಿಕೊಂಡಿದ್ದಳು.

"ಸರಿ," ಎಂದರು ಮೇಷ್ಟ್ರು.

ತಕ್ಕಡಿಯೆಂದರೆ ಅಂಗೈಯಗಲದ ಗಾಜಿನ ಹಲಗೆ. ಮೂಲೆಯಲ್ಲಿ ಹಸಿರು ಅಂಕಿ. ಮೇಲಿಟ್ಟ ಭಾರ ಸ್ವಲ್ಪ ಹೊತ್ತು ಅಲುಗದಿದ್ದರೆ ತಾನಾಗಿಯೇ ಆರಿಹೋಗುವ ಜಾತಿ. ಅವರು ನೋಡುತ್ತಿದ್ದಂತೆ ಆರಿತು. ಅವರೂ ಒಲೆ ಆರಿಸಿದರು. ಪಾತ್ರೆಯಲ್ಲಿ ಕುಂಬಳಕಾಯಿಯ ಸೂಪು. ಉಪ್ಪೊಂದು ಬಿಟ್ಟು ಎಲ್ಲ ಬಿದ್ದಿತ್ತು. ತಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ ಮೇಲೆ, ಕೈ ತೊಳೆದಿಲ್ಲವೆಂಬುದು ನೆನಪಾಯಿತು.

ಸೂಪು ಬೇಕೆಂದವಳು ಅವಳೇ. ನಿನ್ನೆ ಸಂಜೆ ಹಾಸಿಗೆಯ ಪಕ್ಕದ ಸ್ಟೂಲಿನಿಂದ ಅವರು ಏಳುವಾಗ ತೋಳು ಹಿಡಿದು ಕೂರಿಸಿದ್ದಳು.

"ಬೆಳಿಗ್ಗೆ ಬರೋವಾಗ ಸೂಪು ಮಾಡ್ಕೊಂಡು ಬನ್ನಿ. ಉಪ್ಪು ತೂಗ್ಬೇಡಿ. ಕೈಲಿ ಹಾಕಿ."

"ಹೆಚ್ಚಾದ್ರೆ?"

"ಹೆಚ್ಚಾಗ್ಲಿ."

"ಕಮ್ಮಿಯಾದ್ರೆ?"

ಅವಳು ಗೋಡೆಯ ಕಡೆ ಹೊರಳಿದಳು. "ನಿಮ್ಮ ಕೈರುಚಿ ಹೆಂಗಿರತ್ತೆ ಅಂತ ನೋಡ್ಬೇಕು ನಂಗೆ. ಇಷ್ಟು ವರ್ಷ ಸಂಸಾರ ಮಾಡಿದ್ರೂ ಗೊತ್ತೇ ಇಲ್ಲ."

ಕಾಯಿಲೆಯವರ ಚಪಲ ಎಂದುಕೊಂಡು ಮೇಷ್ಟ್ರು ಒಪ್ಪಿದ್ದರು. ಬೆಳಿಗ್ಗೆ ಸ್ನಾನ, ದೇವರಿಗೆ ದೀಪ ಎಲ್ಲ ಮುಗಿಸಿ ಒಲೆಯ ಮುಂದೆ ನಿಂತರು. ಉಪ್ಪು ಹಿಡಿದರು. ಕೈ ಪಾತ್ರೆಯ ಮೇಲೆ ಹೋಗಿ ನಿಂತಿತು. ಒಂದು ಸಲ ತೂಗಿ ನೋಡಿದರೆ ತಪ್ಪೇನು, ಹಾಕುವುದು ಹೇಗೂ ಕೈಯಿಂದಲೇ ಎಂದು ಮನಸ್ಸಿಗೆ ಸಮಾಧಾನ ಹೇಳಿ ತೂಗಿದರು. ಹೆಚ್ಚಿತ್ತು. ವಾಪಸು ಹಾಕಿ ಮತ್ತೆ ಹಿಡಿದರು. ಕಡಿಮೆಯಿತ್ತು. ಬಿಸಿಲು ಕಿಟಕಿಯಿಂದ ಇಳಿದು ಒಲೆಯ ಕಟ್ಟೆಗೆ ಬಂದದ್ದು ಗೊತ್ತಾಗಲಿಲ್ಲ.

ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ದೈವಭಕ್ತರು. ದೇವರು ಅಳತೆಗೋಲು ಹಿಡಿದು ಲೋಕ ಮಾಡಿದವನು, 'ಸುಮಾರು' ಎಂಬುದು ಮನುಷ್ಯರ ಮಾತು ಎಂದು ತರಗತಿಯಲ್ಲಿ ಹೇಳುತ್ತಿದ್ದರು. ನಿವೃತ್ತಿಯ ನಂತರ ಒಂದು ವಾರಪತ್ರಿಕೆಗೆ ಅಂಕಣ ಬರೆಯತೊಡಗಿದರು: ಅಡುಗೆಮನೆಗೆ ಒದಗುವ ಸಲಕರಣೆಗಳು, ಅವುಗಳಿಂದ ಮಾಡಿ ನೋಡಬಹುದಾದ ತಿನಿಸುಗಳು. ಸಿಪ್ಪೆ ಹೆರೆಯುವ ಅಲಗು ಹೇಗಿರಬೇಕು, ಎಣ್ಣೆಯ ಕಾವು ನೋಡುವ ಕಡ್ಡಿಯನ್ನು ಎಲ್ಲಿ ಅದ್ದಬೇಕು, ಎಲ್ಲ ಬರೆದರು. 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಅದು ಅಳತೆಯಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯ ಎನ್ನುತ್ತಿದ್ದರು. ಓದುಗರು ಮೆಚ್ಚಿದರು. ಮಾಡುವವಳು ಹೆಂಡತಿ, ತೂಗುವವರು ಇವರು.

ಅವಳದು ಮಾತಾಡುತ್ತಲೇ ಉಪ್ಪು ಹಾಕುವ ಕೈ. ಪಕ್ಕದ ಮನೆಯವಳ ಜೊತೆ ಕಿಟಕಿಯಲ್ಲಿ ಜಗಳವಾಡುತ್ತ ಹಾಕಿದರೂ ಹದ ತಪ್ಪುತ್ತಿರಲಿಲ್ಲ. ಮೇಷ್ಟ್ರು ಆ ಕೈಯನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸಿ, ಮೊದಲು ಇದರ ಮೇಲೆ ಹಾಕು ಎಂದು ತಕ್ಕಡಿ ಮುಂದೊಡ್ಡಿದರು. "ವಯಸ್ಸಾದ್ಮೇಲೆ ಒಳ್ಳೆ ಸವತೀನ ತಂದ್ರಿ," ಎಂದು ನಕ್ಕಳು. ಹಾಕಿದಳು. ಮಾರನೆಯ ದಿನವೂ ಹಾಕಿದಳು. ಬರಬರುತ್ತ ಮಾತು ನಿಲ್ಲಿಸಿ, ಅಂಕಿ ನೋಡಿಕೊಂಡು ಹಾಕತೊಡಗಿದಳು.

ತಕ್ಕಡಿಯ ಬ್ಯಾಟರಿ ಮುಗಿದ ಒಂದು ದಿನ, ಡಬ್ಬಿಯೊಳಗೆ ಕೈಯಿಟ್ಟುಕೊಂಡು ಹಾಗೆಯೇ ನಿಂತುಬಿಟ್ಟಳು. "ಎಷ್ಟು ಹಾಕ್ಲಿ ರೀ?" ಎಂದು ಕೇಳಿದಳು. ಮೇಷ್ಟ್ರಿಗೆ ಆಗ ಹಿಗ್ಗಾಗಿತ್ತು. ಕೊನೆಗೂ ಒಬ್ಬಳಿಗೆ ಪಾಠ ಹತ್ತಿತಲ್ಲ ಎಂದು. ಬ್ಯಾಟರಿ ತರಲು ಅಂಗಡಿಗೆ ಓಡಿದರು. ಅಲ್ಲಿಂದಾಚೆಗೆ ಆ ಮನೆಯ ಊಟದಲ್ಲಿ ತಪ್ಪೆಂಬುದೇ ಇರಲಿಲ್ಲ. ಬಂದವರು ಚೆನ್ನಾಗಿದೆ ಎಂದು ಹೇಳಿ, ಇನ್ನೊಮ್ಮೆ ಬಡಿಸಿಕೊಳ್ಳದೆ ಏಳುತ್ತಿದ್ದರು.

ಆಸ್ಪತ್ರೆಯಲ್ಲಿ ಅವಳ ಮುಖ ಗೋಡೆಯ ಕಡೆ ಇರಲಿಲ್ಲ, ಬಾಗಿಲ ಕಡೆಗಿತ್ತು. ನರ್ಸು ಒಳ್ಳೆಯವಳು. ಬೆಳಗಿನಿಂದ ಏನೂ ಬೇಡವೆಂದರು, ಮನೆಯಿಂದ ಸೂಪು ಬರುತ್ತದೆ ಎನ್ನುತ್ತಿದ್ದರು ಎಂದಳು. ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ಹೊದಿಕೆಯ ಸುಕ್ಕು ಸರಿಮಾಡಿದಳು. ಬಸ್ಸು ತಡವಾಯಿತು ಎಂದರು ಮೇಷ್ಟ್ರು. ಬಸ್ಸು ತಡವಾಗಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಪತ್ರಿಕೆಯ ಹುಡುಗಿಯ ಫೋನ್ ಬಂತು. ಅಂಕಣವನ್ನು ತಿದ್ದಿ ಅಚ್ಚಿಗೆ ಕಳಿಸುವವಳು. ಆಸ್ಪತ್ರೆಯ ಸಂಗತಿ ಅವಳಿಗೆ ಅಷ್ಟಿಷ್ಟು ಗೊತ್ತಿತ್ತು.

"ಮೇಷ್ಟ್ರೇ, ಈ ವಾರದ್ರಲ್ಲಿ ಉಪ್ಪಿನ ಅಳತೆ ಬಿಟ್ಟುಹೋಗಿದೆ. ನೀವು ಬಿಡೋರಲ್ಲ, ಅದಕ್ಕೇ ಕೇಳ್ದೆ. ರುಚಿಗೆ ತಕ್ಕಷ್ಟು ಅಂತ ಹಾಕ್ಬಿಡ್ಲಾ?"

"ಬೇಡ. ಎಂಟು ಗ್ರಾಂ."

ಅಂಕಿ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ದನಿ ನಡುಗಲಿಲ್ಲ. ಹೇಳಿ ಮುಗಿಸಿದ ಮೇಲೆ, ನಡುಗಲಿಲ್ಲವೆಂಬುದನ್ನು ಅವರೇ ಗಮನಿಸಿದರು. ಬೇರೆ ಯಾರೋ ಹೇಳಿದ್ದನ್ನು ಕೇಳಿಸಿಕೊಂಡಂತೆ.

"ಅಮ್ಮ ಹೆಂಗಿದಾರೆ?"

"ಆರಾಮಾಗಿದಾಳೆ."

ಹೊತ್ತು ಇಳಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹೊತ್ತವರು ಹೊತ್ತರು, ಅತ್ತವರು ಅತ್ತರು. ಯಾರೋ ಮೇಷ್ಟ್ರ ಬೆನ್ನು ಸವರಿ, ಪುಣ್ಯವಂತೆ, ಮುತ್ತಿನಂಥ ಕೈಯಡುಗೆ ಎಂದರು. ನೀವು ಅದನ್ನು ತಿಂದು ಎಷ್ಟು ವರ್ಷವಾಯಿತು ಎಂದು ಕೇಳಬೇಕೆನಿಸಿತು ಮೇಷ್ಟ್ರಿಗೆ.

ನಾದಿನಿ ಜೊತೆಯಲ್ಲಿ ಮನೆಗೆ ಬಂದಳು. ಅಕ್ಕನ ಸೀರೆಗಳನ್ನು ಮಡಚಿದಳು, ಅತ್ತಳು, ಮುಖ ತೊಳೆದಳು. ಬೆಳಗಿನಿಂದ ನೀವು ಏನೂ ತಿಂದಿಲ್ಲವಲ್ಲ ಎಂದು ಅಡುಗೆಮನೆಗೆ ಹೋಗಿ ಪಾತ್ರೆಯ ತಟ್ಟೆ ತೆಗೆದಳು. ಮೇಷ್ಟ್ರು ಬಾಗಿಲಲ್ಲಿ ನಿಂತರು. ಅವಳು ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

"ಸಪ್ಪೆ ಭಾವ. ಉಪ್ಪೇ ಬಿದ್ದಿಲ್ಲ."

"ಹಾಕ್ಬೇಕು."

ಅವಳು ಒಲೆ ಹಚ್ಚಿದಳು. ಡಬ್ಬಿಗೆ ಕೈ ಹಾಕಿ, ಎತ್ತಿ, ಕಣ್ಣು ಎಲ್ಲೋ ಇಟ್ಟುಕೊಂಡು ಪಾತ್ರೆಯ ಮೇಲೆ ತಂದಳು. ಅದೇ ಕೈ. ಆ ಮಣಿಕಟ್ಟಿನ ತಿರುವು, ಹೆಬ್ಬೆರಳು ಮಡಚಿದ ರೀತಿ, ಎಲ್ಲ ಅಕ್ಕನದೇ. ತಕ್ಕಡಿ ಬರುವುದಕ್ಕೆ ಮುಂಚಿನ ಅಕ್ಕನದು. ಮೇಷ್ಟ್ರು ನುಗ್ಗಿ ಅವಳ ಮಣಿಕಟ್ಟು ಹಿಡಿದುಕೊಂಡರು.

ಇಬ್ಬರೂ ಹಾಗೆಯೇ ನಿಂತರು. ಅವಳಿಗೆ ಹೆದರಿಕೆಯಾಯಿತು.

"ನಾನು ಹಾಕ್ಬೇಕಾದ್ದು ಅದು," ಎಂದರು. "ಅವಳು ಹೇಳಿದ್ಲು."

"ಹಾಕಿ ಭಾವ. ಯಾರು ಬೇಡ ಅಂದ್ರು?" ಉಪ್ಪನ್ನು ಅವರ ಅಂಗೈಗೆ ಸುರಿದು, ಕೈ ಒರೆಸಿಕೊಳ್ಳುತ್ತ ನಡುಮನೆಗೆ ಹೋದಳು.

ಮೇಷ್ಟ್ರು ಮುಷ್ಟಿ ಮುಚ್ಚಿದರು. ತಕ್ಕಡಿಯ ಗಾಜಿನ ಮೇಲೆ ಬೆಳಿಗ್ಗೆ ಉಳಿದ ಉಪ್ಪು ಇದ್ದ ಹಾಗೆಯೇ ಇತ್ತು. ಆ ಕಡೆ ನೋಡಬಾರದೆಂದು ಕಣ್ಣು ಮುಚ್ಚಿದರು. ಕೈ ಪಾತ್ರೆಯ ಮೇಲೆ ಹೋಯಿತು. ಬಿಸಿ ಹಬೆ ಬೆರಳಿಗೆ ತಾಗಿತು. ಎಷ್ಟು ಎಂದು ಕೈಯನ್ನು ಕೇಳಿದರು. ಕೈಗೆ ಏನೂ ಗೊತ್ತಿರಲಿಲ್ಲ. ಅವಳ ಕೈಯಿಂದ ಕಿತ್ತುಕೊಂಡದ್ದು ತಮ್ಮ ಕೈಗಾದರೂ ಬಂದಿರಬೇಕು ಎಂದು ಎಲ್ಲೋ ನಂಬಿದ್ದರು. ಬಂದಿರಲಿಲ್ಲ. ಅದು ಎಲ್ಲಿಗೂ ಹೋಗದೆ ಹಾಗೆಯೇ ಇಲ್ಲವಾಗಿತ್ತು.

ಸೂಪು ಕುದಿಯಿತು. ಕುದಿದು ಗಟ್ಟಿಯಾಯಿತು. ಗುಳ್ಳೆಗಳು ಮೊದಲು ಬೇಗಬೇಗ ಒಡೆದವು, ಆಮೇಲೆ ನಿಧಾನವಾಗಿ, ಉಸಿರು ಎಳೆದುಕೊಳ್ಳುವವರ ಹಾಗೆ. ಹಬೆಗೆ ಮುಷ್ಟಿಯೊಳಗಿನ ಉಪ್ಪು ಕರಗಿ ಬೆರಳಸಂದಿಗಳು ಒದ್ದೆಯಾದವು. ತಳ ಹಿಡಿದ ವಾಸನೆ ಎದ್ದಿತು. ನಡುಮನೆಯಿಂದ ನಾದಿನಿ, ಭಾವ, ಸೀದುಹೋಗ್ತಿದೆ ನೋಡಿ ಎಂದಳು. ಮುಷ್ಟಿ ಬಿಚ್ಚಲಿಲ್ಲ.

ಆ ಮುಷ್ಟಿಯ ಮೇಲೆ ಇನ್ನೊಂದು ಕೈಯನ್ನಿಟ್ಟು ಅವರು ತುಟಿ ಅಲುಗಿಸಿದರು. ದೇವರೇ, ಅವಳ ಆತ್ಮಕ್ಕೆ ಶಾಂತಿ ಕೊಡು. ಇಷ್ಟು ಕೊಡು ಎಂದು ಕೇಳಲು ನನಗೆ ತಿಳಿಯದು. ತೂಗಬೇಡ. ಕೈಯಿಂದಲೇ ಕೊಡು.